ಕಂಪ್ಯೂಟರ್ ವಾಟರ್ ಕೂಲಿಂಗ್: ಪಂಪ್‌ಗೆ ಟ್ಯೂಬ್ ಮತ್ತು ಫಿಟ್ಟಿಂಗ್ ಜೋಡಿಸುವ ಸಮಗ್ರ ಮಾರ್ಗದರ್ಶಿ

ಕಂಪ್ಯೂಟರ್ ಒಳಗೆ ನೀರು ಹರಿಸುತ್ತೇವೆ ಎಂದ ಕೂಡಲೇ ಎಲ್ಲರಿಗೂ ಬರುವ ಮೊದಲ ಪ್ರಶ್ನೆ ಒಂದೇ: ಸೋರಿದರೆ? ಆ ಭಯ ಸರಿಯಾದದ್ದೇ. ಆದರೆ ನೀರು ಸಾಮಾನ್ಯವಾಗಿ ಟ್ಯೂಬ್ ಒಡೆದು ಸೋರುವುದಿಲ್ಲ. ನೀರಿನ ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರ್ ತೂತಾಗಿ ಸೋರುವುದೂ ಅಪರೂಪ. ಸೋರುವುದು ಜೋಡಣೆಯ ಜಾಗದಲ್ಲಿ. ಅದರಲ್ಲೂ ಪಂಪ್‌ನ ಬಾಯಿಗಳ ಬಗ್ಗೆ ಜಾಸ್ತಿ ಗಮನ ಬೇಕು, ಏಕೆಂದರೆ ಇಡೀ ಲೂಪ್‌ನಲ್ಲಿ, ಅಂದರೆ ನೀರು ಸುತ್ತಿ ಬರುವ ದಾರಿಯಲ್ಲಿ, ಅತಿ ಹೆಚ್ಚು ಒತ್ತಡ ಇರುವುದು ಪಂಪ್‌ನಿಂದ ನೀರು ಹೊರಗೆ ಬರುವ ಜಾಗದಲ್ಲೇ.

ಉದಾಹರಣೆಗೆ ನಾನಿಲ್ಲಿ ಡಿ5 ಪಂಪ್, ಅದಕ್ಕೆ ಅಂಟಿಕೊಂಡೇ ಬರುವ ರಿಸರ್ವಾಯರ್ (ನೀರಿನ ಸಣ್ಣ ತೊಟ್ಟಿ), 10/16 ಮಿ.ಮೀ. ಮೆತ್ತನೆಯ ಟ್ಯೂಬ್ ಮತ್ತು ಕಂಪ್ರೆಶನ್ ಫಿಟ್ಟಿಂಗ್ (ಕಾಲರ್ ತಿರುಗಿಸಿ ಟ್ಯೂಬನ್ನು ಅದುಮಿ ಹಿಡಿಯುವಂಥದ್ದು) ಇಟ್ಟುಕೊಂಡು ವಿವರಿಸುತ್ತೇನೆ. ಮೊದಲ ಸಲ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಬೇರೆ ಪಂಪ್, ಬೇರೆ ಟ್ಯೂಬ್ ಇದ್ದವರಿಗೆ ಎಲ್ಲಿ ವ್ಯತ್ಯಾಸ ಬರುತ್ತದೆ ಅನ್ನುವುದನ್ನು ಅಲ್ಲಲ್ಲೇ ಹೇಳುತ್ತೇನೆ.

ಮೊದಲು ನಿಮ್ಮ ಪಂಪ್ ಯಾವುದು ಅಂತ ನೋಡಿ

ವಾಟರ್ ಕೂಲಿಂಗ್ ಅಂಗಡಿಗಳಲ್ಲಿ ನೂರೆಂಟು ಹೆಸರಿನ ಪಂಪ್‌ಗಳು ಕಾಣುತ್ತವೆ. ಒಳಗೆ ನೋಡಿದರೆ ಹೆಚ್ಚಿನವು ಎರಡೇ ಜಾತಿ: ಡಿ5 ಮತ್ತು ಡಿಡಿಸಿ. ಎರಡೂ ಲೈಂಗ್ ಕಂಪನಿಯ ವಿನ್ಯಾಸಗಳು. ಆ ಕಂಪನಿ ಈಗ ಝೈಲೆಮ್ ಕೈಯಲ್ಲಿದೆ. ಬೇರೆ ಬೇರೆ ಬ್ರ್ಯಾಂಡ್‌ಗಳು ಇದೇ ಮೋಟಾರಿಗೆ ತಮ್ಮ ತಮ್ಮ ಮುಚ್ಚಳ, ತಮ್ಮ ರಿಸರ್ವಾಯರ್ ಹಾಕಿ ಮಾರುತ್ತವೆ. ಆ ಮುಚ್ಚಳಕ್ಕೆ ‘ಟಾಪ್’ ಅನ್ನುತ್ತಾರೆ. ನೀವು ಫಿಟ್ಟಿಂಗ್ ಜೋಡಿಸುವುದು ಮೋಟಾರಿಗಲ್ಲ, ಈ ಟಾಪ್‌ಗೆ.

ಡಿ5 ದಪ್ಪಗೆ, ದುಂಡಗೆ ಇರುತ್ತದೆ. 12 ವೋಲ್ಟ್‌ನಲ್ಲಿ ಪೂರ್ತಿ ವೇಗಕ್ಕೆ ಓಡಿದರೆ ಸುಮಾರು 23 ವಾಟ್ ಎಳೆಯುತ್ತದೆ. ನೀರನ್ನು ಸುಮಾರು 4 ಮೀಟರ್ ಎತ್ತರಕ್ಕೆ ಎತ್ತುವ ತಾಕತ್ತು ಅದಕ್ಕಿದೆ. ಡಿಡಿಸಿ ಚಿಕ್ಕದು, ಚೌಕಾಕಾರ. ಸಣ್ಣ ಕೇಸ್‌ಗೆ ಹೊಂದುತ್ತದೆ, ಆದರೆ ಅದರ ಅಡಿಭಾಗ ಬಿಸಿಯಾಗುತ್ತದೆ. ಆದ್ದರಿಂದ ಅಡಿಯಲ್ಲಿ ಸ್ವಲ್ಪ ಗಾಳಿಯಾಡುವಂತೆ ಬಿಡಬೇಕು. ಹಳೆಯ ಡಿಡಿಸಿಗಳಲ್ಲಿ ಫಿಟ್ಟಿಂಗ್ ಕೂರಿಸಲು ಥ್ರೆಡ್ಡೇ ಇರುವುದಿಲ್ಲ, ಪ್ಲಾಸ್ಟಿಕ್ ಮೂತಿಗಳು ಅದರ ಮೈಯಿಂದಲೇ ಹೊರಬಂದಿರುತ್ತವೆ. ಅಂಥದ್ದು ಸಿಕ್ಕಿದರೆ ಥ್ರೆಡ್ ಇರುವ ಬೇರೆ ಟಾಪ್ ತಂದು ಹಾಕಿಕೊಳ್ಳಿ.

ಎರಡರಲ್ಲೂ ಮೋಟಾರಿನ ಮತ್ತು ನೀರಿನ ನಡುವೆ ಶಾಫ್ಟ್ ಹಾಯ್ದು ಹೋಗುವುದಿಲ್ಲ. ಒಳಗಿನ ಚಕ್ರವನ್ನು ಆಯಸ್ಕಾಂತದ ಬಲ ತಿರುಗಿಸುತ್ತದೆ. ಡಿ5ನಲ್ಲಿ ಆ ಚಕ್ರ ಒಂದು ಸಣ್ಣ ಸೆರಾಮಿಕ್ ಗುಂಡಿನ ಮೇಲೆ ಕೂತು ಸುತ್ತುತ್ತದೆ. ಆ ಗುಂಡಿಗೆ ಎಣ್ಣೆ ಬೇಡ, ಸುತ್ತಲಿನ ನೀರೇ ಅದಕ್ಕೆ ಎಣ್ಣೆ. ಹಾಗಾಗಿ ನೀರಿಲ್ಲದೆ ಪಂಪ್ ಓಡಿಸಬಾರದು. “ಕೆಲಸ ಮಾಡುತ್ತಾ ಅಂತ ಸುಮ್ನೆ ಒಂದು ಸಲ ನೋಡೋಣ” ಅಂತಲೂ ಓಡಿಸಬಾರದು.

ಒಳಬಾಯಿ ಯಾವುದು, ಹೊರಬಾಯಿ ಯಾವುದು?

ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲೇ. ಈ ಪಂಪ್‌ಗಳು ನೀರನ್ನು ಮಧ್ಯದಿಂದ ಎಳೆದುಕೊಂಡು, ಸುತ್ತಿಸಿ, ಅಂಚಿನಿಂದ ಹೊರಗೆ ಎಸೆಯುತ್ತವೆ. ಆದ್ದರಿಂದ ಚಕ್ರದ ನಡುಮಧ್ಯಕ್ಕೆ ತೆರೆದುಕೊಳ್ಳುವುದು ಒಳಬಾಯಿ. ಪಕ್ಕದಲ್ಲಿ, ಚಕ್ರದ ಅಂಚಿಗೆ ಸರಿಯಾಗಿ ಇರುವುದು ಹೊರಬಾಯಿ. ಟಾಪ್ ಮೇಲೆ ಬಾಣವನ್ನೋ ‘ಇನ್’, ‘ಔಟ್’ ಅಂತಲೋ ಕೆತ್ತಿರುತ್ತಾರೆ. ಕಪ್ಪು ಪ್ಲಾಸ್ಟಿಕ್ ಮೇಲೆ ಕಪ್ಪು ಅಕ್ಷರ ಇದ್ದರೆ ಕಾಣುವುದಿಲ್ಲ. ಟಾರ್ಚ್ ಓರೆಯಾಗಿ ಹಿಡಿದು ನೋಡಿ.

ರಿಸರ್ವಾಯರ್ ಜೊತೆಗೇ ಬರುವ ಪಂಪ್‌ನಲ್ಲಿ ನಾಲ್ಕೈದು ಬಾಯಿಗಳು ಇರಬಹುದು. ಅವುಗಳಲ್ಲಿ ಹೊರಬಾಯಿ ಸಾಮಾನ್ಯವಾಗಿ ಒಂದೇ. ಕೆಲವು ಟಾಪ್‌ಗಳಲ್ಲಿ ಮಾತ್ರ ಅನುಕೂಲಕ್ಕೆಂದು ಎರಡು ಕೊಟ್ಟಿರುತ್ತಾರೆ. ಉಳಿದವೆಲ್ಲ ರಿಸರ್ವಾಯರ್ ಒಳಗೆ ತೆರೆದುಕೊಳ್ಳುತ್ತವೆ. ನೀರು ವಾಪಸ್ ಬರುವ ಟ್ಯೂಬನ್ನು ಅವುಗಳಲ್ಲಿ ಯಾವುದಕ್ಕಾದರೂ ಹಾಕಬಹುದು. ಬಳಸದ ಬಾಯಿಗಳಿಗೆಲ್ಲ ಸ್ಟಾಪ್ ಪ್ಲಗ್ ಹಾಕಲೇಬೇಕು. ಪೆಟ್ಟಿಗೆಯಲ್ಲಿ ಎಷ್ಟು ಪ್ಲಗ್ ಬಂದಿವೆ ಅಂತ ಮೊದಲೇ ಎಣಿಸಿಕೊಳ್ಳಿ. ಒಂದು ಕಮ್ಮಿ ಬಿದ್ದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಒಳಗೆ ಹೊರಗೆ ಅದಲು ಬದಲಾದರೆ ಪಂಪ್ ಹಿಂದುಮುಂದಾಗಿ ಓಡುವುದಿಲ್ಲ. ಮೋಟಾರ್ ಸುತ್ತುತ್ತದೆ, ಸದ್ದೂ ಬರುತ್ತದೆ, ನೀರು ಮಾತ್ರ ಸರಿಯಾಗಿ ಹರಿಯುವುದಿಲ್ಲ. ಆಮೇಲೆ ಎಲ್ಲವನ್ನೂ ಬರಿದು ಮಾಡಿ ಬಿಚ್ಚಬೇಕು. ಹಾಗಾಗಿ ಫಿಟ್ಟಿಂಗ್ ಕೈಗೆತ್ತಿಕೊಳ್ಳುವ ಮೊದಲೇ ಹೊರಬಾಯಿಯ ಪಕ್ಕ ಒಂದು ಚೂರು ಮಾಸ್ಕಿಂಗ್ ಟೇಪ್ ಅಂಟಿಸಿ, ಬಾಣದ ಗುರುತು ಹಾಕಿಬಿಡಿ.

ಜಿ1/4: ಈ ಥ್ರೆಡ್ ಬಗ್ಗೆ ಎಚ್ಚರ ಇರಲಿ

ಕಂಪ್ಯೂಟರ್ ವಾಟರ್ ಕೂಲಿಂಗ್‌ನಲ್ಲಿ ಬಹುತೇಕ ಎಲ್ಲ ಬಾಯಿಗಳದ್ದೂ ಒಂದೇ ಅಳತೆ, ಜಿ1/4. ಹೆಸರಿನಲ್ಲಿ ಕಾಲು ಇಂಚು ಇದ್ದರೂ ಥ್ರೆಡ್‌ನ ಹೊರ ಅಳತೆ 13.157 ಮಿ.ಮೀ. ಒಂದು ಇಂಚಿಗೆ 19 ಸುತ್ತು. ಮುಖ್ಯವಾದ ಮಾತೆಂದರೆ ಇದು ನೇರ ಥ್ರೆಡ್. ಬುಡದಿಂದ ತುದಿಯವರೆಗೆ ಒಂದೇ ದಪ್ಪ.

ನಮ್ಮ ಮನೆಯ ನಲ್ಲಿಗಳಿಗೆ, ಕಂಪ್ರೆಸರ್‌ಗಳಿಗೆ ಬರುವ ಫಿಟ್ಟಿಂಗ್‌ಗಳಲ್ಲಿ ಹೆಚ್ಚಿನವು ತುದಿಗೆ ಹೋದಂತೆ ಸಪೂರವಾಗುವ ಥ್ರೆಡ್‌ನವು. ಅವು ತಿರುಗಿಸಿದಷ್ಟೂ ಬಿಗಿಯಾಗಿ, ಥ್ರೆಡ್‌ಗೆ ಥ್ರೆಡ್ ಕಚ್ಚಿಕೊಂಡು ನೀರು ತಡೆಯುತ್ತವೆ. ಪ್ಲಂಬರ್ ಟೆಫ್ಲಾನ್ ಟೇಪ್ ಸುತ್ತುವುದು ಅದಕ್ಕೇ. ಜಿ1/4ನಲ್ಲಿ ಹಾಗಲ್ಲ. ಇಲ್ಲಿ ಥ್ರೆಡ್ ಸುಮ್ಮನೆ ಹಿಡಿದುಕೊಳ್ಳುತ್ತದೆ ಅಷ್ಟೆ. ನೀರು ತಡೆಯುವುದು ಫಿಟ್ಟಿಂಗ್ ಬುಡದಲ್ಲಿರುವ ರಬ್ಬರ್ ಓ-ರಿಂಗ್.

ಇದು ಅರ್ಥವಾದರೆ ಮೂರು ವಿಷಯ ತಾನಾಗಿಯೇ ಸ್ಪಷ್ಟವಾಗುತ್ತದೆ. ಒಂದು, ಇಲ್ಲಿ ಟೆಫ್ಲಾನ್ ಟೇಪ್ ಬೇಡ. ಟೇಪ್ ಸುತ್ತಿದರೆ ಓ-ರಿಂಗ್ ಸರಿಯಾಗಿ ಕೂರುವುದಿಲ್ಲ, ಟೇಪಿನ ಚೂರುಗಳು ಕಿತ್ತುಹೋಗಿ ಸಿಪಿಯು ಬ್ಲಾಕ್‌ನ (ಸಿಪಿಯು ಮೇಲೆ ಕೂತು ಅದರ ಬಿಸಿಯನ್ನು ನೀರಿಗೆ ಕೊಡುವ ಲೋಹದ ಭಾಗ) ಸಣ್ಣ ಸಂದುಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಎರಡು, ಬಲ ಹಾಕಿ ಬಿಗಿದರೆ ಸೋರಿಕೆ ನಿಲ್ಲುವುದಿಲ್ಲ, ಟಾಪ್ ಬಿರುಕು ಬಿಡುತ್ತದೆ. ಮೂರು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕಾಲಿಂಚಿನ ಹಿತ್ತಾಳೆ ನಿಪ್ಪಲ್ ನೋಡಲು ಇದರಂತೆಯೇ ಇದ್ದರೂ ಇಲ್ಲಿಗೆ ಆಗುವುದಿಲ್ಲ. ಅಂಥ ಸಪೂರ ಥ್ರೆಡ್ಡನ್ನು ಅಕ್ರಿಲಿಕ್ ಟಾಪ್‌ಗೆ ತಿರುಗಿಸಿದರೆ ಅದು ಬೆಣೆಯ ಹಾಗೆ ಒಳಗಿನಿಂದ ಸೀಳುತ್ತದೆ. ಕೆಲವೊಮ್ಮೆ ಬಿರುಕು ಅವತ್ತೇ ಕಾಣುವುದಿಲ್ಲ, ವಾರ ಕಳೆದ ಮೇಲೆ ಕೂದಲೆಳೆಯಂಥ ಗೆರೆಯಾಗಿ ಕಾಣಿಸಿಕೊಳ್ಳುತ್ತದೆ.

ಮನೆಯ ಆರ್‌ಒ ಫಿಲ್ಟರ್‌ನ ಫಿಟ್ಟಿಂಗ್ ಬಳಸಬಹುದಾ ಅಂತ ತುಂಬ ಜನ ಕೇಳುತ್ತಾರೆ. ಬೇಡ. ಅಲ್ಲಿ ಕಾಲಿಂಚು ಅನ್ನುವುದು ಟ್ಯೂಬಿನ ಹೊರ ಅಳತೆ, ಅಂದರೆ 6.35 ಮಿ.ಮೀ. ಅದು ಈ ಕೆಲಸಕ್ಕೆ ತೀರಾ ಸಪೂರ.

ಟ್ಯೂಬ್ ಮತ್ತು ಫಿಟ್ಟಿಂಗ್ ಹೊಂದಿಸುವುದು

ಪಂಪ್ ಕಡೆಯ ಥ್ರೆಡ್ ಎಲ್ಲದಕ್ಕೂ ಒಂದೇ ಆದರೂ ಟ್ಯೂಬ್ ಕಡೆಯ ಅಳತೆ ಬೇರೆ ಬೇರೆ. ಮೆತ್ತನೆಯ ಟ್ಯೂಬ್‌ಗೆ ಎರಡು ಅಂಕಿ ಇರುತ್ತವೆ, ಒಳ ಅಳತೆ ಮತ್ತು ಹೊರ ಅಳತೆ. 10/13, 10/16, 13/19 ಸಾಮಾನ್ಯವಾಗಿ ಸಿಗುವಂಥವು. ಇಂಚಿನಲ್ಲಿ ಹೇಳುವವರು 10/16ಕ್ಕೆ ‘ಮೂರು ಬೈ ಎಂಟು, ಐದು ಬೈ ಎಂಟು’ ಅನ್ನುತ್ತಾರೆ.

ಕಂಪ್ರೆಶನ್ ಫಿಟ್ಟಿಂಗ್‌ಗೆ ಈ ಎರಡೂ ಅಂಕಿ ಹೊಂದಬೇಕು. ಮೂತಿ ಒಳ ಅಳತೆಗೆ ಸರಿಯಾಗಬೇಕು, ಮೇಲಿನಿಂದ ತಿರುಗಿಸುವ ಕಾಲರ್ ಹೊರ ಅಳತೆಗೆ ಸರಿಯಾಗಬೇಕು. 10/13ರ ಕಾಲರ್ 10/16 ಟ್ಯೂಬ್ ಮೇಲೆ ಹತ್ತುವುದೇ ಇಲ್ಲ. 10/16ರ ಕಾಲರ್ 10/13 ಟ್ಯೂಬ್ ಮೇಲೆ ಸಲೀಸಾಗಿ ಕೂರುತ್ತದೆ, ಆದರೆ ಹಿಡಿಯುವುದಿಲ್ಲ. ಈ ಎರಡನೆಯದೇ ಅಪಾಯ, ಏಕೆಂದರೆ ಹೊರಗಿನಿಂದ ಎಲ್ಲ ಸರಿಯಾಗಿದೆ ಅಂತಲೇ ಕಾಣುತ್ತದೆ.

ಬಾರ್ಬ್ ಫಿಟ್ಟಿಂಗ್‌ಗೆ ಒಳ ಅಳತೆ ಮಾತ್ರ ನೋಡಿದರೆ ಸಾಕು. ಟ್ಯೂಬ್ ತೂರಿಸಿ, ಮೇಲೆ ಕ್ಲಾಂಪ್ ಬಿಗಿದರೆ ಆಯಿತು. ನೋಡಲು ಅಂದವಿಲ್ಲ, ಆದರೆ ಅಗ್ಗ, ಗಟ್ಟಿ, ಇಕ್ಕಟ್ಟಿನ ಜಾಗಕ್ಕೂ ಹೋಗುತ್ತದೆ. ದುಡ್ಡು ಉಳಿಸಬೇಕು ಅನ್ನುವವರು ಬಾರ್ಬ್ ಬಳಸಲು ಹಿಂಜರಿಯಬೇಡಿ.

ಗಟ್ಟಿ ಟ್ಯೂಬ್ ಆದರೆ ಹೊರ ಅಳತೆಯೇ ಮುಖ್ಯ: 12, 14 ಅಥವಾ 16 ಮಿ.ಮೀ. ಅದರ ಫಿಟ್ಟಿಂಗ್ ಬೇರೆಯದೇ. ಮೆತ್ತನೆಯ ಟ್ಯೂಬಿನ ಫಿಟ್ಟಿಂಗ್‌ಗೆ ಗಟ್ಟಿ ಟ್ಯೂಬ್ ಹಾಕಲು ಬರುವುದಿಲ್ಲ.

ಟ್ಯೂಬ್ ಯಾವುದರದ್ದು ಅನ್ನುವುದೂ ಮುಖ್ಯ. ಅಗ್ಗದ ಪಾರದರ್ಶಕ ಪಿವಿಸಿ ಟ್ಯೂಬನ್ನು ಮೆತ್ತಗಿಡಲು ಬೆರೆಸಿದ ಅಂಶ ನಿಧಾನವಾಗಿ ನೀರಿಗೆ ಬಿಟ್ಟುಕೊಳ್ಳುತ್ತದೆ. ಟ್ಯೂಬ್ ಮಬ್ಬಾಗುತ್ತದೆ, ಬ್ಲಾಕ್ ಒಳಗೆ ಜಿಗುಟು ಪದರ ಕೂರುತ್ತದೆ. ಕಪ್ಪು ಇಪಿಡಿಎಂ ರಬ್ಬರ್ ಟ್ಯೂಬ್‌ಗೆ ಈ ತೊಂದರೆ ಇಲ್ಲ. ಒಳಗಿನ ನೀರು ಕಾಣುವುದಿಲ್ಲ, ನಿಜ. ಆದರೆ ವರ್ಷಗಟ್ಟಲೆ ತಲೆನೋವಿಲ್ಲ. ನನ್ನ ಆಯ್ಕೆ ಅದೇ.

ನಮ್ಮ ಕಡೆಯವರು ಬಿಸಿಲಿನ ಲೆಕ್ಕವನ್ನೂ ಹಾಕಬೇಕು. ನೀರು ಯಾವತ್ತೂ ಕೋಣೆಯ ಗಾಳಿಗಿಂತ ತಣ್ಣಗಾಗುವುದಿಲ್ಲ. ಸಾಮಾನ್ಯವಾಗಿ ಅದಕ್ಕಿಂತ 10 ಡಿಗ್ರಿಯಷ್ಟು ಮೇಲೇ ಇರುತ್ತದೆ. ಬೆಂಗಳೂರಿನಲ್ಲಿ ಇದು ಚಿಂತೆಯಲ್ಲ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಎಸಿ ಇಲ್ಲದ ಕೋಣೆಯಲ್ಲಿ ನೀರು 50ರ ಹತ್ತಿರ ಹೋಗಬಹುದು. ಪಿಇಟಿಜಿ ಎಂಬ ಗಟ್ಟಿ ಟ್ಯೂಬ್ 60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗಲು ಶುರುವಾಗುತ್ತದೆ. ಒಂದು ಫ್ಯಾನ್ ನಿಂತರೂ ಸಾಕು, ಉಳಿದ 10 ಡಿಗ್ರಿ ಸರಿದುಹೋಗುತ್ತದೆ. ಅಂಥ ಊರಿನವರು ಇಪಿಡಿಎಂ ಹಾಕಿ. ಗಟ್ಟಿ ಟ್ಯೂಬೇ ಬೇಕೆಂದರೆ ಅಕ್ರಿಲಿಕ್ ಆರಿಸಿಕೊಳ್ಳಿ.

ಪಂಪ್ ಎಲ್ಲಿ ಕೂರಬೇಕು?

ಲೂಪ್‌ನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಸಿಪಿಯು ಆದ ಮೇಲೆ ರೇಡಿಯೇಟರ್ರೋ, ರೇಡಿಯೇಟರ್ ಆದ ಮೇಲೆ ಸಿಪಿಯುವೋ, ನೀರು ಅಷ್ಟು ಬೇಗ ಸುತ್ತುವುದರಿಂದ ಒಂದೆರಡು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬರುವುದಿಲ್ಲ. ಪಾಲಿಸಲೇಬೇಕಾದ ನಿಯಮ ಒಂದೇ: ರಿಸರ್ವಾಯರ್ ಪಂಪ್‌ಗಿಂತ ಮೇಲಿರಬೇಕು, ಅದರ ನೀರು ನೇರವಾಗಿ ಪಂಪ್‌ನ ಒಳಬಾಯಿಗೆ ಇಳಿಯಬೇಕು. ಈ ಪಂಪ್‌ಗಳಿಗೆ ತಳ್ಳುವ ಶಕ್ತಿ ಚೆನ್ನಾಗಿದೆ, ಗಾಳಿ ತುಂಬಿದ ಟ್ಯೂಬಿನಿಂದ ನೀರು ಹೀರಿಕೊಳ್ಳುವ ಶಕ್ತಿ ಇಲ್ಲ. ರಿಸರ್ವಾಯರ್ ಅಂಟಿಕೊಂಡೇ ಬಂದಿದ್ದರೆ ಈ ನಿಯಮವನ್ನು ಅದೇ ಪಾಲಿಸುತ್ತದೆ. ಬೇರೆ ಬೇರೆ ಇದ್ದರೆ ಎರಡರ ನಡುವಿನ ಟ್ಯೂಬ್ ಆದಷ್ಟು ಚಿಕ್ಕದಿರಲಿ, ನೇರ ಇರಲಿ.

ಡಿ5 ಅನ್ನು ನಿಲ್ಲಿಸಬಹುದು, ಮಲಗಿಸಬಹುದು. ಮೋಟಾರ್ ಮೇಲಾಗಿ, ಟಾಪ್ ಕೆಳಗಾಗಿ ತಲೆಕೆಳಗೆ ಮಾತ್ರ ಹಾಕಬೇಡಿ. ಗಾಳಿ ಮೋಟಾರಿನ ಕಡೆ ಏರಿ ಅಲ್ಲೇ ನಿಲ್ಲುತ್ತದೆ. ಪಂಪ್ ಅಡಿಗೆ ರಬ್ಬರ್ ಅಥವಾ ಸ್ಪಂಜಿನ ತುಂಡು ಇಡಿ, ಇಲ್ಲದಿದ್ದರೆ ಕೇಸ್‌ನ ತಗಡು ಗುಂಯ್‌ಗುಡುತ್ತದೆ.

ಫಿಟ್ಟಿಂಗ್ ಕೂರಿಸುವುದು

ಸಾಧ್ಯವಾದರೆ ಪಂಪನ್ನು ಕೇಸ್‌ಗೆ ಬಿಗಿಯುವ ಮೊದಲೇ, ಮೇಜಿನ ಮೇಲಿಟ್ಟುಕೊಂಡು ಫಿಟ್ಟಿಂಗ್ ಹಾಕಿ. ಕೇಸ್ ಒಳಗೆ ಕೈ ತೂರಿಸಿ ಮಾಡುವಾಗ ಫಿಟ್ಟಿಂಗ್ ಓರೆಯಾಗುವ ಸಾಧ್ಯತೆ ಜಾಸ್ತಿ.

ಮೊದಲು ಓ-ರಿಂಗ್ ನೋಡಿ. ಪ್ರತಿಯೊಂದು ಫಿಟ್ಟಿಂಗಿನದ್ದೂ. ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿ. ಗೀರು, ಕಚ್ಚು, ಚಪ್ಪಟೆಯಾದ ಜಾಗ, ಅಂಟಿಕೊಂಡ ಕೂದಲು ಏನಾದರೂ ಇದೆಯಾ? ಓ-ರಿಂಗ್ ತನ್ನ ತೋಡಿನಲ್ಲಿ ಸುತ್ತಲೂ ಸಮನಾಗಿ ಕೂತಿದೆಯಾ, ಎಲ್ಲಾದರೂ ಸುರುಳಿ ಬಿದ್ದಿದೆಯಾ? ಪಂಪ್‌ನ ಬಾಯಿಯ ಸುತ್ತಲಿನ ಚಪ್ಪಟೆ ಅಂಚಿನ ಮೇಲೂ ಬೆರಳಾಡಿಸಿ. ಓ-ರಿಂಗ್ ಒತ್ತಿಕೊಳ್ಳುವುದು ಆ ಅಂಚಿನ ಮೇಲೆ. ಅಲ್ಲಿ ಪ್ಲಾಸ್ಟಿಕ್ ಚೂರು ಉಳಿದಿದ್ದರೆ ಫಿಟ್ಟಿಂಗ್ ಎಷ್ಟೇ ಒಳ್ಳೆಯದಾದರೂ ಸೋರುತ್ತದೆ.

ಓ-ರಿಂಗ್‌ಗೆ ಒಂದು ಹನಿ ಡಿಸ್ಟಿಲ್ಡ್ ವಾಟರ್ ಅಥವಾ ಕೂಲೆಂಟ್ ಸವರಿ. ಒಣಗಿದ ರಬ್ಬರ್ ಜಾರುವುದಿಲ್ಲ, ತಿರುಗಿಸುವಾಗ ಮಡಚಿಕೊಳ್ಳುತ್ತದೆ. ಸಿಲಿಕೋನ್ ಗ್ರೀಸ್ ಇದ್ದರೆ ತೆಳ್ಳಗೆ ಹಚ್ಚಬಹುದು. ವ್ಯಾಸಲೀನ್ ಬೇಡ. ಪೆಟ್ರೋಲಿಯಂ ಜಿಡ್ಡು ತಾಗಿದರೆ ಇಪಿಡಿಎಂ ರಬ್ಬರ್ ಊದಿಕೊಂಡು ಹಾಳಾಗುತ್ತದೆ.

ಈಗ ಫಿಟ್ಟಿಂಗನ್ನು ಬಾಯಿಯ ಮೇಲೆ ನೇರವಾಗಿ ಇಡಿ. ಮೊದಲು ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಒಂದು ಜಾಗದಲ್ಲಿ ಸಣ್ಣದಾಗಿ ‘ಟಕ್’ ಅಂತ ಕೆಳಗೆ ಇಳಿದಂತೆ ಬೆರಳಿಗೆ ಗೊತ್ತಾಗುತ್ತದೆ. ಎರಡು ಥ್ರೆಡ್‌ಗಳ ತುದಿಗಳು ಭೇಟಿಯಾದ ಜಾಗ ಅದು. ಅಲ್ಲಿಂದ ಬಲಕ್ಕೆ ತಿರುಗಿಸಲು ಶುರು ಮಾಡಿ. ಎರಡು ಬೆರಳಿಗೇ ಸಲೀಸಾಗಿ ಹೋಗಬೇಕು. ಅರ್ಧ ಸುತ್ತಿಗೇ ಬಿಗಿ ಅನ್ನಿಸಿದರೆ ಅದು ಓರೆಯಾಗಿದೆ. ಬಲ ಹಾಕಬೇಡಿ, ಬಿಚ್ಚಿ ಮತ್ತೆ ಶುರು ಮಾಡಿ. ಅಕ್ರಿಲಿಕ್ ಥ್ರೆಡ್ ಒಮ್ಮೆ ಕೆಟ್ಟರೆ ಟಾಪನ್ನೇ ಬದಲಿಸಬೇಕಾಗುತ್ತದೆ.

ಈ ಫಿಟ್ಟಿಂಗ್‌ಗಳ ಥ್ರೆಡ್ ಸಾಮಾನ್ಯವಾಗಿ 5 ಮಿ.ಮೀ. ಉದ್ದ. ಒಂದು ಸುತ್ತಿಗೆ ಸುಮಾರು 1.3 ಮಿ.ಮೀ. ಇಳಿಯುತ್ತದೆ. ಹಾಗಾಗಿ ಮೂರೂವರೆ, ನಾಲ್ಕು ಸುತ್ತಿಗೆ ಓ-ರಿಂಗ್ ಅಂಚಿಗೆ ತಾಗಬೇಕು. ತಾಗಿದ್ದು ಕೈಗೆ ತಿಳಿಯುತ್ತದೆ, ಅಲ್ಲಿಯವರೆಗೆ ಹಗುರವಾಗಿ ಸುತ್ತುತ್ತಿದ್ದದ್ದು ರಬ್ಬರಿನಂತೆ ಮೆತ್ತಗೆ ತಡೆಯಲು ಶುರು ಮಾಡುತ್ತದೆ. ಅಲ್ಲಿಂದ ಮುಂದೆ ಕೈಯಿಂದಲೇ ಕಾಲು ಸುತ್ತು, ಅಷ್ಟೇ. ಫಿಟ್ಟಿಂಗಿನ ಲೋಹ ಟಾಪ್‌ಗೆ ಸಮನಾಗಿ ಕೂತು, ಓ-ರಿಂಗ್ ಹೊರಗೆ ಇಣುಕದೆ ಇದ್ದರೆ ಕೆಲಸ ಮುಗಿಯಿತು. ಸ್ಪ್ಯಾನರ್, ಇಕ್ಕಳ ಬೇಡ. ಪಾರದರ್ಶಕ ಟಾಪ್ ಇದ್ದವರಿಗೆ ಒಂದು ಅನುಕೂಲ ಇದೆ. ಪಕ್ಕದಿಂದ ನೋಡಿದರೆ ಓ-ರಿಂಗ್ ಒತ್ತಿಕೊಂಡ ಜಾಗ ಕಪ್ಪು ಬಳೆಯಾಗಿ ಕಾಣುತ್ತದೆ. ಬಳೆ ಸುತ್ತಲೂ ಒಂದೇ ದಪ್ಪ ಇರಬೇಕು. ಒಂದು ಕಡೆ ತೆಳ್ಳಗೆ, ಇನ್ನೊಂದು ಕಡೆ ದಪ್ಪ ಕಂಡರೆ ಫಿಟ್ಟಿಂಗ್ ವಾಲಿದೆ.

ಪಂಪ್ ಬಾಯಿಗಳು ಹತ್ತಿರ ಹತ್ತಿರ ಇದ್ದಾಗ 13/19ರಂಥ ದಪ್ಪ ಫಿಟ್ಟಿಂಗ್‌ಗಳು ಒಂದಕ್ಕೊಂದು ತಾಗುತ್ತವೆ. ಆಗ ಒಂದು ಬಾಯಿಗೆ ಎಕ್ಸ್‌ಟೆಂಡರ್ ಹಾಕಿ ಎತ್ತರಿಸಿಕೊಳ್ಳಿ. ಟ್ಯೂಬ್ ತಕ್ಷಣ ತಿರುಗಬೇಕಾದ ಕಡೆ 45 ಅಥವಾ 90 ಡಿಗ್ರಿಯ ರೋಟರಿ ಫಿಟ್ಟಿಂಗ್ ಉಪಯೋಗಕ್ಕೆ ಬರುತ್ತದೆ. ಆದರೆ ಪ್ರತಿ ರೋಟರಿ ಒಳಗೆ ಇನ್ನೊಂದೆರಡು ಓ-ರಿಂಗ್ ಇರುತ್ತವೆ. ಸೋರಬಹುದಾದ ಜಾಗ ಅಷ್ಟು ಹೆಚ್ಚಾಯಿತು ಅಂತಲೇ ಅರ್ಥ. ಟ್ಯೂಬ್ ತಾನೇ ಬಾಗಿ ಹೋಗುವಂತಿದ್ದರೆ ಬಾಗಲು ಬಿಡಿ. ಟ್ಯೂಬಿನ ಭಾರ, ಎಳೆತ ರೋಟರಿ ಮೇಲೆ ಬೀಳದಂತೆಯೂ ನೋಡಿಕೊಳ್ಳಿ.

ಖಾಲಿ ಉಳಿದ ಬಾಯಿಗಳಿಗೆ ಸ್ಟಾಪ್ ಪ್ಲಗ್ ಹಾಕುವುದೂ ಇದೇ ಕ್ರಮದಲ್ಲಿ. ಪ್ಲಗ್‌ಗೆ ಓ-ರಿಂಗ್ ಇದೆಯಾ ಅಂತ ನೋಡುವುದನ್ನು ಬಿಡಬೇಡಿ.

ಟ್ಯೂಬ್ ಅಳೆದು, ಕತ್ತರಿಸಿ, ತೊಡಿಸುವುದು

ಅಳತೆ ತೆಗೆಯುವ ಮೊದಲು ಪಂಪ್, ರೇಡಿಯೇಟರ್, ಬ್ಲಾಕ್ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂತಿರಬೇಕು. ಹೊಸ ರೇಡಿಯೇಟರ್ ಒಳಗೆ ಬೆಸುಗೆಯ ಕೊಳೆ ಇರುತ್ತದೆ. ಬಿಸಿನೀರು ತುಂಬಿ, ಕುಲುಕಿ, ಚೆಲ್ಲಿ, ಕೊನೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದೇ ಕೂರಿಸಿ. ಆ ಕೊಳೆ ಮೊದಲು ಹೋಗಿ ಸೇರುವುದು ಬ್ಲಾಕ್‌ಗೆ.

ಟ್ಯೂಬನ್ನು ಒಂದು ಬಾಯಿಯಿಂದ ಇನ್ನೊಂದಕ್ಕೆ ಹೇಗೆ ಹೋಗಬೇಕೋ ಹಾಗೆ ಹಿಡಿದು ನೋಡಿ. ಫಿಟ್ಟಿಂಗಿನ ಮೂತಿಯ ಉದ್ದವನ್ನೂ ಸೇರಿಸಿ, ಒಂದೆರಡು ಸೆಂ.ಮೀ. ಜಾಸ್ತಿ ಇಟ್ಟೇ ಕತ್ತರಿಸಿ. ಉದ್ದವಾದರೆ ಮತ್ತೆ ಕತ್ತರಿಸಬಹುದು, ಗಿಡ್ಡವಾದದ್ದನ್ನು ಏನೂ ಮಾಡಲಾಗುವುದಿಲ್ಲ. ಗಿಡ್ಡ ಟ್ಯೂಬನ್ನು ಎಳೆದು ಹಾಕಿದರೆ ಅದು ಸದಾ ಫಿಟ್ಟಿಂಗನ್ನು ಓರೆಯಾಗಿ ಎಳೆಯುತ್ತಿರುತ್ತದೆ. ಬಾಗಿದ ಜಾಗದಲ್ಲಿ ಟ್ಯೂಬ್ ಚಪ್ಪಟೆಯಾಗಿ ಮಡಚಿಕೊಳ್ಳುತ್ತಿದೆಯಾ ನೋಡಿ. ಗೋಡೆ ದಪ್ಪ ಇರುವ 10/16 ಸುಲಭಕ್ಕೆ ಮಡಚುವುದಿಲ್ಲ, 10/13 ಬೇಗ ಮಡಚುತ್ತದೆ.

ಕತ್ತರಿಸಲು ಟ್ಯೂಬ್ ಕಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹೊಸ ಬ್ಲೇಡ್ ಹಾಕಿದ ಪೇಪರ್ ಕಟರ್ ಸಾಕು. ಕತ್ತರಿ ಬೇಡ, ಟ್ಯೂಬ್ ಹಿಸುಕಿಕೊಂಡು ತುದಿ ಓರೆಯಾಗುತ್ತದೆ. ತುದಿ ನೇರವಾಗಿ, ಚಪ್ಪಟೆಯಾಗಿ ಇದ್ದರಷ್ಟೇ ಮೂತಿಯ ಬುಡಕ್ಕೆ ಸುತ್ತಲೂ ಸಮನಾಗಿ ತಾಗುತ್ತದೆ.

ಇನ್ನು ತೊಡಿಸುವುದು. ಮೊದಲು ಕಾಲರ್ ಬಿಚ್ಚಿ ಟ್ಯೂಬ್ ಮೇಲೆ ಹಾಕಿಕೊಳ್ಳಿ, ಥ್ರೆಡ್ ಇರುವ ಕಡೆ ಫಿಟ್ಟಿಂಗಿನತ್ತ ಮುಖ ಮಾಡಿರಬೇಕು. ಟ್ಯೂಬ್ ತೂರಿಸಿಬಿಟ್ಟ ಮೇಲೆ ಕಾಲರ್ ನೆನಪಾಗುವುದು ಈ ಕೆಲಸದಲ್ಲಿ ಎಲ್ಲರಿಗೂ ಆಗುವಂಥದ್ದು. ಟ್ಯೂಬಿನ ಎರಡೂ ತುದಿಯ ಕಾಲರ್‌ಗಳನ್ನು ಒಟ್ಟಿಗೇ ಹಾಕಿಟ್ಟುಕೊಂಡರೆ ಆ ಚಿಂತೆ ಇರುವುದಿಲ್ಲ.

ಟ್ಯೂಬಿನ ತುದಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ. ಕುದಿಯುವ ನೀರು ಬೇಡ, ಕಾಫಿ ಕುಡಿಯುವಷ್ಟು ಬಿಸಿ ಸಾಕು. ಮೆತ್ತಗಾದ ತುದಿಯನ್ನು ಮೂತಿಯ ಮೇಲೆ ನೇರವಾಗಿ ಒತ್ತಿ. ಸ್ವಲ್ಪ ಆ ಕಡೆ ಈ ಕಡೆ ಅಲ್ಲಾಡಿಸುತ್ತಾ ಬುಡದವರೆಗೆ ತಳ್ಳಿ. ಪೂರ್ತಿ ಹೋಗಲೇಬೇಕು. ಮುಕ್ಕಾಲು ಹೋಗಿ ನಿಂತರೆ ಕಾಲರ್ ಹಿಡಿಯುವ ಜಾಗದಲ್ಲಿ ಟ್ಯೂಬೇ ಇರುವುದಿಲ್ಲ. ತಳ್ಳುವಾಗ ಇನ್ನೊಂದು ಕೈಯಲ್ಲಿ ಪಂಪ್ ಟಾಪನ್ನು ಹಿಂದಿನಿಂದ ಆಧರಿಸಿ ಹಿಡಿಯಿರಿ. ಆ ಬಲವೆಲ್ಲ ಪಂಪ್ ಕೂತಿರುವ ಸ್ಟ್ಯಾಂಡ್ ಮೇಲೆ ಬೀಳಬಾರದು.

ಆಮೇಲೆ ಕಾಲರ್ ಇಳಿಸಿ ಕೈಯಿಂದ ತಿರುಗಿಸಿ. ಕೊನೆಯ ಒಂದೆರಡು ಸುತ್ತು ಗಟ್ಟಿ ಇರುತ್ತದೆ, ರಬ್ಬರ್ ಒತ್ತಿಕೊಳ್ಳುತ್ತಿರುವುದು ಅದು. ಕೈ ಜಾರಿದರೆ ಒಣ ಬಟ್ಟೆಯನ್ನೋ ರಬ್ಬರ್ ಗ್ಲೌಸನ್ನೋ ಬಳಸಿ. ದಪ್ಪ ಇಪಿಡಿಎಂ ಟ್ಯೂಬ್‌ನಲ್ಲಿ ಕಾಲರ್ ಪೂರ್ತಿ ಮುಚ್ಚದೆ ಕೂದಲೆಳೆಯಷ್ಟು ಸಂದು ಉಳಿಯಬಹುದು. ತೊಂದರೆಯಿಲ್ಲ. ತಿರುಗಿಸುವಾಗ ಟ್ಯೂಬ್ ಕೂಡ ತಿರುಚಿಕೊಳ್ಳುತ್ತಿದೆಯಾ ಗಮನಿಸಿ. ತಿರುಚಿದ ಟ್ಯೂಬ್ ಮತ್ತೆ ನೇರವಾಗಲು ನೋಡುತ್ತದೆ, ದಿನ ಕಳೆದಂತೆ ಫಿಟ್ಟಿಂಗನ್ನು ಸಡಿಲ ಮಾಡುತ್ತದೆ. ಕೊನೆಗೆ ಒಂದು ಸಲ ಮೆಲ್ಲಗೆ ಎಳೆದು ನೋಡಿ. ಜಾರಬಾರದು.

ಮುಂದೊಂದು ದಿನ ಬಿಚ್ಚುವಾಗ ನೆನಪಿರಲಿ: ಕಾಲರ್ ತಿರುಗಿಸಿದರೆ ಕೆಲವೊಮ್ಮೆ ಕಾಲರ್ ಬರುವುದಿಲ್ಲ, ಇಡೀ ಫಿಟ್ಟಿಂಗೇ ಪಂಪ್‌ನಿಂದ ಬಿಚ್ಚಿಕೊಳ್ಳುತ್ತದೆ. ಬುಡವನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದೇ ಕಾಲರ್ ತಿರುಗಿಸಬೇಕು.

ಗಟ್ಟಿ ಟ್ಯೂಬಿನವರಿಗೆ ಮುಖ್ಯವಾದದ್ದು ತುದಿಯ ಅಂಚು. ಗರಗಸದಲ್ಲಿ ಕತ್ತರಿಸಿದ ಅಂಚು ಬ್ಲೇಡಿನಷ್ಟೇ ಹರಿತ. ಅದನ್ನು ಹಾಗೇ ತೂರಿಸಿದರೆ ಫಿಟ್ಟಿಂಗ್ ಒಳಗಿನ ಓ-ರಿಂಗನ್ನು ಕೊಯ್ದುಬಿಡುತ್ತದೆ. ಡಿಬರ್ರಿಂಗ್ ಟೂಲ್ ಅಥವಾ ಉಪ್ಪುಕಾಗದದಿಂದ ಒಳಗೂ ಹೊರಗೂ ಉಜ್ಜಿ, ತೊಳೆದು, ತುದಿ ಒದ್ದೆ ಮಾಡಿಯೇ ತೂರಿಸಿ. ಟ್ಯೂಬ್ ಎರಡೂ ಕಡೆ ಬಾಯಿಗೆ ನೇರಾನೇರ ಇರಬೇಕು. ಬಲವಂತವಾಗಿ ಬಗ್ಗಿಸಿ ಕೂರಿಸಿದರೆ ಒಂದಲ್ಲ ಒಂದು ದಿನ ಕಳಚಿಕೊಳ್ಳುತ್ತದೆ.

ನೀರು ಖಾಲಿ ಮಾಡುವ ದಾರಿ ಈಗಲೇ ಇಡಿ

ಲೂಪ್‌ನ ಅತಿ ಕೆಳಗಿನ ಜಾಗದಲ್ಲಿ ಒಂದು ಬಾಲ್ ವಾಲ್ವ್ ಇರಲಿ. ಪಂಪ್ ಟಾಪ್‌ನಲ್ಲಿ ಬಳಸದ ಬಾಯಿಯೊಂದು ಕೆಳಗಿದ್ದರೆ ಅದಕ್ಕೇ ಹಾಕಬಹುದು. ಇಲ್ಲದಿದ್ದರೆ ಒಂದು ಟಿ ಫಿಟ್ಟಿಂಗ್ ಸೇರಿಸಿ. ವಾಲ್ವ್‌ನ ಹೊರಬಾಯಿಗೂ ಪ್ಲಗ್ ಹಾಕಿ, ಅಕಸ್ಮಾತ್ ಹಿಡಿ ತಿರುಗಿದರೂ ನೀರು ಚೆಲ್ಲುವುದಿಲ್ಲ. ಇದಕ್ಕೆ ಆಗುವ ಖರ್ಚು ದಂಡ ಅನ್ನಿಸಬಹುದು. ಮೊದಲ ಸಲ ನೀರು ಬದಲಿಸುವಾಗ ಅದರ ಬೆಲೆ ಗೊತ್ತಾಗುತ್ತದೆ.

ನೀರಿಗಿಂತ ಮೊದಲು ಗಾಳಿ

ನೀರು ಹಾಕುವ ಮೊದಲು ಗಾಳಿಯಿಂದ ಪರೀಕ್ಷೆ ಮಾಡಿ. ಮೀಟರ್ ಇರುವ ಸಣ್ಣ ಕೈಪಂಪು, ಜಿ1/4 ಥ್ರೆಡ್‌ನ ಲೀಕ್ ಟೆಸ್ಟರ್ ಅಂತ ಸಿಗುತ್ತದೆ. ರಿಸರ್ವಾಯರ್‌ನ ಒಂದು ಬಾಯಿಗೆ ಅದನ್ನು ಹಾಕಿ, ಉಳಿದೆಲ್ಲ ಮುಚ್ಚಿ, 0.5 ಬಾರ್ ಒತ್ತಡ ಬರುವವರೆಗೆ ಗಾಳಿ ತುಂಬಿ. 0.5 ಬಾರೇ ಯಾಕೆ? 10 ಮೀಟರ್ ನೀರಿನ ಎತ್ತರ ಅಂದರೆ ಸುಮಾರು 1 ಬಾರ್. ಡಿ5 ಎತ್ತುವುದು 4 ಮೀಟರ್, ಅಂದರೆ ಹೆಚ್ಚೆಂದರೆ 0.4 ಬಾರ್. ಪಂಪ್ ಎಷ್ಟೇ ಒತ್ತಿದರೂ ಅದಕ್ಕಿಂತ ಸ್ವಲ್ಪ ಜಾಸ್ತಿಯಲ್ಲೇ ನೀವು ಪರೀಕ್ಷೆ ಮಾಡಿದಂತಾಯಿತು. ಜಾಸ್ತಿ ತುಂಬಬೇಡಿ, ಗಾಜು ಅಥವಾ ಅಕ್ರಿಲಿಕ್‌ನ ರಿಸರ್ವಾಯರ್ ಅದಕ್ಕೆ ಮಾಡಿದ್ದಲ್ಲ. ಸೈಕಲ್ ಪಂಪಿನಲ್ಲಿ ಅಂದಾಜಿಗೆ ಹೊಡೆಯುವುದಂತೂ ಬೇಡವೇ ಬೇಡ.

ಕಾಲು ಗಂಟೆಯಾದರೂ ಮುಳ್ಳು ಅಲ್ಲಾಡದಿದ್ದರೆ ಜೋಡಣೆ ಸರಿಯಾಗಿದೆ. ಇಳಿದರೆ ಒಂದೊಂದೇ ಫಿಟ್ಟಿಂಗ್ ಒತ್ತಿ ನೋಡುತ್ತಾ ಬನ್ನಿ. ಮೊದಲು ಟೆಸ್ಟರ್‌ನ ಜೋಡಣೆಯನ್ನೇ ಅನುಮಾನಿಸಿ.

ಕರೆಂಟ್ ಜೋಡಣೆ ಮತ್ತು ನೀರು ತುಂಬುವುದು

ಡಿ5ಗೆ ಪೂರ್ತಿ ವೇಗದಲ್ಲಿ ಸುಮಾರು 2 ಆಂಪಿಯರ್ ಬೇಕು. ಮದರ್‌ಬೋರ್ಡ್‌ನ ಸಾಮಾನ್ಯ ಫ್ಯಾನ್ ಹೆಡರ್ (ಫ್ಯಾನ್ ವೈರ್ ಚುಚ್ಚುವ ಪಿನ್‌ಗಳು) ಕೊಡುವುದು 1 ಆಂಪಿಯರ್. ಆದ್ದರಿಂದ ಪಂಪ್‌ನ ಕರೆಂಟ್ ಸಾಟಾ ಅಥವಾ ಮೋಲೆಕ್ಸ್ ಕನೆಕ್ಟರ್ ಮೂಲಕ ನೇರ ಪವರ್ ಸಪ್ಲೈನಿಂದ ಬರಬೇಕು. ಪಿಡಬ್ಲ್ಯುಎಂ ಪಂಪ್‌ನ (ಮದರ್‌ಬೋರ್ಡ್ ವೇಗ ನಿಯಂತ್ರಿಸಬಲ್ಲ ಪಂಪ್) ಸಣ್ಣ ವೈರ್ ಮಾತ್ರ ಮದರ್‌ಬೋರ್ಡ್‌ಗೆ ಹೋಗುತ್ತದೆ, ವೇಗ ಹೇಳಲು ಮತ್ತು ಕೇಳಲು. ಅದನ್ನು ಸಿಪಿಯು ಫ್ಯಾನ್ ಹೆಡರ್‌ಗೆ ಹಾಕಿದರೆ ಪಂಪ್ ನಿಂತಾಗ ಹೆಚ್ಚಿನ ಬೋರ್ಡ್‌ಗಳು ಆನ್ ಆಗುವಾಗಲೇ ಎಚ್ಚರಿಸುತ್ತವೆ.

ತುಂಬುವಾಗ ಪಂಪ್‌ಗೆ ಮಾತ್ರ ಕರೆಂಟ್ ಇರಬೇಕು. ಮದರ್‌ಬೋರ್ಡ್, ಸಿಪಿಯು, ಗ್ರಾಫಿಕ್ಸ್ ಕಾರ್ಡ್, ಡಿಸ್ಕ್ ಎಲ್ಲದರ ಪವರ್ ಕೇಬಲ್ ತೆಗೆಯಿರಿ. 24 ಪಿನ್ ಕೇಬಲ್‌ನ ತುದಿಗೆ ಎಟಿಎಕ್ಸ್ ಜಂಪರ್ ಪ್ಲಗ್ ಹಾಕಿದರೆ ಪವರ್ ಸಪ್ಲೈ ತಾನಾಗಿ ಆನ್ ಆಗುತ್ತದೆ. ಎಷ್ಟೋ ಪವರ್ ಸಪ್ಲೈಗಳ ಜೊತೆಗೇ ಈ ಪ್ಲಗ್ ಕೊಡುತ್ತಾರೆ. ವೈರ್ ತುಂಡು ಬಗ್ಗಿಸಿ ಚುಚ್ಚುವುದಕ್ಕಿಂತ ಅದು ಎಷ್ಟೋ ಮೇಲು.

ಪ್ರತಿ ಫಿಟ್ಟಿಂಗ್ ಕೆಳಗೆ ಟಿಶ್ಯೂ ಇಡಿ. ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿದ್ದರೂ ಕಾಣುತ್ತದೆ. ತುಂಬಲು ವಾಟರ್ ಕೂಲಿಂಗ್‌ಗೆಂದೇ ಬರುವ ಕೂಲೆಂಟ್ ಬಳಸಿ. ಇಲ್ಲವೇ ಡಿಸ್ಟಿಲ್ಡ್ ವಾಟರ್‌ಗೆ ತುಕ್ಕು ಮತ್ತು ಪಾಚಿ ತಡೆಯುವ ಮಿಶ್ರಣ ಸೇರಿಸಿ. ಬೋರ್‌ವೆಲ್ ನೀರು, ನಲ್ಲಿ ನೀರು ಬೇಡ. ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ, ಅದೂ ಬೇಡ. ತಾಮ್ರದ ಬ್ಲಾಕ್ ಇರುವ ಲೂಪ್‌ಗೆ ಅಲ್ಯೂಮಿನಿಯಂ ರೇಡಿಯೇಟರ್ ಸೇರಿಸಬೇಡಿ. ಎರಡು ಲೋಹ ಒಂದೇ ನೀರಿನಲ್ಲಿದ್ದರೆ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ.

ರಿಸರ್ವಾಯರ್ ತುಂಬಿಸಿ, ನೀರು ಪಂಪ್ ಒಳಗೆ ಇಳಿಯಲು ಒಂದು ನಿಮಿಷ ಬಿಡಿ. ಪಂಪ್ ಆನ್ ಮಾಡಿ. ರಿಸರ್ವಾಯರ್ ಮಟ್ಟ ಸರ್ರನೆ ಇಳಿಯುತ್ತದೆ. ತಳ ಕಾಣುವ ಮೊದಲೇ ಆಫ್ ಮಾಡಿ, ಮತ್ತೆ ತುಂಬಿಸಿ, ಮತ್ತೆ ಆನ್. ಒಂದು ಕೈ ಸ್ವಿಚ್ ಮೇಲೇ ಇರಲಿ. ಮಟ್ಟ ಇಳಿಯುವುದು ನಿಂತ ಮೇಲೆ ಕೇಸನ್ನು ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಮೆಲ್ಲಗೆ ವಾಲಿಸಿ. ರೇಡಿಯೇಟರ್‌ನಲ್ಲಿ ಸಿಕ್ಕಿಕೊಂಡ ಗಾಳಿ ಗುಳ್ಳೆಗುಳ್ಳೆಯಾಗಿ ಬಂದು ರಿಸರ್ವಾಯರ್ ಸೇರುತ್ತದೆ. ಹೀಗೇ ಕೆಲವು ಗಂಟೆ ಪಂಪ್ ಮಾತ್ರ ಓಡಲಿ. ಸಾಧ್ಯವಾದರೆ ಇಡೀ ದಿನ. ಟಿಶ್ಯೂ ಒಣಗಿಯೇ ಇದ್ದರೆ ಉಳಿದ ಕೇಬಲ್‌ಗಳನ್ನು ಹಾಕಬಹುದು.

ಏನಾದರೂ ಸರಿಯಿಲ್ಲ ಅನ್ನಿಸಿದರೆ

ಪಂಪ್ ಗರಗರ ಅನ್ನುತ್ತಿದೆ, ನೀರು ಚಲಿಸುತ್ತಿಲ್ಲ: ಒಳಗೆ ಗಾಳಿ ಸಿಕ್ಕಿದೆ. ತಕ್ಷಣ ಆಫ್ ಮಾಡಿ, ಕೇಸ್ ವಾಲಿಸಿ, ಗಾಳಿ ಮೇಲೆ ಬರಲು ಬಿಟ್ಟು ಮತ್ತೆ ಆನ್ ಮಾಡಿ. ಮೂರ್ನಾಲ್ಕು ಸಲಕ್ಕೂ ಸರಿಯಾಗದಿದ್ದರೆ ಒಳಬಾಯಿ ಹೊರಬಾಯಿ ಅದಲು ಬದಲಾಗಿದೆಯಾ ನೋಡಿ.

ಸದ್ದು ಬಿಟ್ಟು ಬಿಟ್ಟು ಬರುತ್ತಿದ್ದರೆ ರಿಸರ್ವಾಯರ್ ಒಳಗೆ ಸುಳಿ ಎದ್ದಿರಬಹುದು. ಸುಳಿಯ ತುದಿ ಪಂಪ್‌ವರೆಗೆ ಇಳಿದು ಗಾಳಿಯನ್ನು ಎಳೆದುಕೊಳ್ಳುತ್ತದೆ. ವೇಗ ಕಡಿಮೆ ಮಾಡಿ, ಮಟ್ಟ ಹೆಚ್ಚಿಸಿ, ಸುಳಿ ತಡೆಯುವ ಸ್ಪಂಜು ಬಂದಿದ್ದರೆ ಹಾಕಿ. ವಾಪಸ್ ಬರುವ ನೀರು ಮೇಲಿಂದ ಧುಮುಕುತ್ತಿದ್ದರೆ ಒಳಗೆ ಒಂದು ಚಿಕ್ಕ ಟ್ಯೂಬ್ ಇಳಿಸಿ, ಅದರ ತುದಿ ನೀರಿನಲ್ಲಿ ಮುಳುಗಿರುವಂತೆ ಮಾಡಿ.

ಫಿಟ್ಟಿಂಗ್ ಬುಡದಲ್ಲಿ ಹನಿ ಕಂಡರೆ ಇನ್ನೂ ಬಿಗಿಯಲು ಹೋಗಬೇಡಿ. ಹನಿ ಎಲ್ಲಿಂದ ಬರುತ್ತಿದೆ ಅಂತ ಮೊದಲು ನೋಡಿ. ಕಾಲರ್ ಕಡೆಯಿಂದ ಬಂದರೆ ಟ್ಯೂಬ್ ಬುಡದವರೆಗೆ ಹೋಗಿಲ್ಲ. ಪಂಪ್ ಕಡೆಯಿಂದ ಬಂದರೆ ಓ-ರಿಂಗ್ ಮಡಚಿದೆ ಅಥವಾ ಕೆಟ್ಟಿದೆ. ಎರಡಕ್ಕೂ ಪರಿಹಾರ ಒಂದೇ: ನೀರು ಇಳಿಸಿ, ಬಿಚ್ಚಿ, ನೋಡಿ, ಮತ್ತೆ ಕೂರಿಸಿ. ಹೊಸ ಓ-ರಿಂಗ್ ನಾಲ್ಕೈದು ಮೊದಲೇ ತಂದಿಟ್ಟುಕೊಂಡಿರಿ.

ಮೊದಲ ವಾರ ರಿಸರ್ವಾಯರ್ ಮಟ್ಟ ಸ್ವಲ್ಪ ಇಳಿಯುವುದು ಸಹಜ, ಉಳಿದ ಗಾಳಿ ಹೊರಬರುತ್ತಿರುತ್ತದೆ. ಮೇಲಿನಿಂದ ತುಂಬಿಸಿದರೆ ಸಾಕು. ಅದಾದ ಮೇಲೂ ವಾರವಾರ ಕಣ್ಣಿಗೆ ಕಾಣುವಷ್ಟು ಇಳಿಯುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ. ಟಿಶ್ಯೂ ತೆಗೆದುಕೊಂಡು ಪ್ರತಿ ಫಿಟ್ಟಿಂಗಿನ ಕೆಳಗೂ ಒತ್ತುತ್ತಾ ಬನ್ನಿ, ಪಂಪ್‌ನ ಹೊರಬಾಯಿಯಿಂದ ಶುರು ಮಾಡಿ.